ರಾಹುಕಾಲದಲ್ಲಿ ಲಿನಕ್ಸ್

ಬುಲೆಟ್ ಗಾಡಿ ಸೌಂಡ್ ಕೇಳಿದ್ರೆ ಬೇರೆ ಹುಡುಗೀರು ಬಾಗ್ಲಿಗೆ ಬಂದು ಇಣುಕ್ತಾರೆ. ನಾನು ಮಂಚದ ಕೆಳಗೆ ಹೋಗ್ತೀನಿ. ಇದಕ್ಕೆ ಕಾರಣ ಒಂದು ಕಂಪ್ಯೂಟರ್ರು. ನಗ್ಬೇಡಿ, ಪೂರ್ತಿ ಕೇಳಿ. ಹೇಳೋವಾಗ ಉಪ್ಪು ಖಾರ ಸ್ವಲ್ಪ ಜಾಸ್ತಿ ಬೀಳ್ತದೆ, ಅದು ನನ್ ಕೈಗುಣ, ಆದ್ರೆ ಸಾರು ಮಾತ್ರ ನಮ್ಮನೇದೇ.

ನಾನಾಗ ಹೊಸಕೋಟೇಲಿ ಸೆಕೆಂಡ್ ಪಿಯುಸಿ. ಮನೆ ಸೂಲಿಬೆಲೇಲಿ. ಮುಂದುಗಡೆ ಚಿಕ್ಕಮ್ಮನ ಫೋಟೋ ಸ್ಟುಡಿಯೋ, ಹಿಂದುಗಡೆ ಅಜ್ಜಿ ಸಮೇತ ನಾವೆಲ್ಲಾ. ಚಿಕ್ಕಪ್ಪ ನೆಲಮಂಗಲದ ಒಂದು ಗೋಡೌನಲ್ಲಿ ಸೂಪರ್‌ವೈಸರ್ರು, ವಾರಕ್ಕೊಂದ್ಸಲ ಮನೆಗೆ ಬಂದು ನಿದ್ದೆ ಮಾಡ್ಕೊಂಡು ಹೋಗೋರು. ಸ್ಟುಡಿಯೋ ಪೂರ್ತಿ ಚಿಕ್ಕಮ್ಮಂದೇ. ಜೆರಾಕ್ಸು, ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಎಲ್ಲಾ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಕುರ್ಚಿ ಮೇಲೆ ಹತ್ತಿ ನಿಂತು, "ಏನಪ್ಪಾ ಮದ್ಮಗ, ಕೋರ್ಟಿಗೆ ಬಂದಂಗೆ ನಿಂತಿದೀಯ, ಸ್ವಲ್ಪ ಹಲ್ಲು ಬಿಡು" ಅಂತ ಅವಳು ಕೂಗಿದ್ರೆ, ಮಂತ್ರ ಹೇಳ್ತಿದ್ದ ಪುರೋಹಿತ್ರೂ ಹಲ್ಲು ಬಿಡೋರು.

ಇಂಥಾ ಚಿಕ್ಕಮ್ಮ ಭೂಮಿ ಮೇಲೆ ಹೆದರ್ತಿದ್ದದ್ದು ಒಂದಕ್ಕೇ. ಅವಳ ಕಂಪ್ಯೂಟರ್‌ಗೆ.

ಅದು ಆನ್ ಆಗೋಷ್ಟರಲ್ಲಿ ನಮ್ಮ ಹಸು ಕರ ಹಾಕಿ, ಆ ಕರ ಎದ್ದು ನಿಂತು ಹಾಲು ಕುಡೀಬೋದಿತ್ತು. ಬೆಳಿಗ್ಗೆ ಊದಿನಕಡ್ಡಿ ಬೆಳಗಿ, ಡಬ್ಬಕ್ಕೆ ಕುಂಕುಮ ಇಟ್ಟು, "ಇವತ್ತೊಂದಿನ ನಡಿಯಪ್ಪಾ" ಅಂತ ಕೈ ಮುಗಿದೇ ಬಟನ್ ಒತ್ತೋಳು. ಒಳಗಿದ್ದ ಸಿಸ್ಟಂ ಕಳ್ಳ ಕಾಪಿ. ದುಡ್ಡು ಕೊಟ್ಟು ತಗೋಬೇಕಾದ್ದನ್ನ ರಿಪೇರಿಯೋನು ಎಲ್ಲಿಂದಲೋ ತಂದು ತುಂಬಿದ್ದ. ಇದು ಅಸಲಿ ಅಲ್ಲ ಅಂತ ಪರದೆ ಮೂಲೇಲಿ ಅದೇ ಬರ್ಕೊಂಡು ಕೂತಿರ್ತಿತ್ತು. ಗಿರಾಕಿಗಳು ನೋಡ್ಬಾರ್ದು ಅಂತ ಚಿಕ್ಕಮ್ಮ ಆ ಮೂಲೆಗೆ ಒಂದು ಗಣಪತಿ ಸ್ಟಿಕ್ಕರ್ ಅಂಟಿಸಿದ್ಲು. ಮಧ್ಯೆ ಮಧ್ಯೆ ಏನೋ ಒಂದು ಡಬ್ಬಿ ಎದ್ದು ಬಂದು ಹೂಂ ಅಂತೀಯಾ ಊಹೂಂ ಅಂತೀಯಾ ಅಂತ ಕೇಳೋದು. ಚಿಕ್ಕಮ್ಮ ಕಣ್ಣು ಮುಚ್ಕೊಂಡು ಯಾವ್ದೋ ಒಂದು ಒತ್ತಿ, ಒಂದು ಕಣ್ಣು ಮಾತ್ರ ಬಿಟ್ಟು ನೋಡೋಳು. ನಾನು ಹತ್ರ ಹೋದ್ರೆ ಸಾಕು, "ಮುಟ್ಬೇಡ ಕಣೇ!" ಕರೆಂಟ್ ಕಂಬಾನೂ ನಮ್ಮನೇಲಿ ಯಾರೂ ಹಂಗೆ ಕಾಯಲ್ಲ.

ನಮ್ಮ ಕಾಲೇಜ್ ಲ್ಯಾಬಲ್ಲಿ ಎಲ್ಲಾ ಲಿನಕ್ಸು, ಅಂದ್ರೆ ಕಂಪ್ಯೂಟರ್ ನಡೆಸೋ ಇನ್ನೊಂದು ಥರದ ಸಿಸ್ಟಂ. ಡಿಗ್ರಿ ಓದೋ ಒಬ್ಬಳು ಅಕ್ಕ ಅದನ್ನ ಪೆನ್ ಡ್ರೈವಿಗೆ ಹಾಕಿ ನಂಗೆ ಕೊಟ್ಟಿದ್ಲು. ಕಂಪ್ಯೂಟರ್‌ಗೆ ಚುಚ್ಚಿದ್ರೆ ಆಯ್ತು, ಒಳಗಿರೋದನ್ನ ಏನೂ ಮುಟ್ದೆ ಪೆನ್ ಡ್ರೈವಿಂದಲೇ ಓಡ್ತದೆ. ನಾನು ಅದನ್ನ ಚೈನಿಗೆ ಪೋಣಿಸ್ಕೊಂಡು ಕತ್ತಲ್ಲಿ ಹಾಕ್ಕೊಂಡು ತಿರುಗ್ತಿದ್ದೆ. ಬಸ್ಸಲ್ಲಿ ಯಾರಾದ್ರೂ ಕೇಳ್ಲಿ ಅಂತ. ಕಂಡಕ್ಟರ್ ಒಬ್ಬ ಮಾತ್ರ ಕೇಳಿದ್ದು, ಅದೂ "ತಾಯತನಾಮ್ಮಾ?" ಅಂತ.

ಚಿಕ್ಕಮ್ಮನ ತಲೆ ನಾನು ದಿನಾ ತಿಂತಿದ್ದೆ.

"ಸ್ವತಂತ್ರ ತಂತ್ರಾಂಶ ಅಂತಾರೆ ಚಿಕ್ಕಮ್ಮ. ಕದಿಯೋ ಅವಶ್ಯಕತೆನೇ ಇಲ್ಲ. ವೈರಸ್ಸೂ ಕಮ್ಮಿ."

"ಬಿಟ್ಟಿನಾ?"

"ಬಿಟ್ಟಿ."

"ಬಿಟ್ಟಿ ಕೊಡೋನು ಯಾಕೆ ಕೊಡ್ತಾನೆ? ಎಲೆಕ್ಷನ್ನಿಗೆ ನಿಂತಿದಾನಾ?"

"ಒಬ್ಬನಲ್ಲ, ದೇಶ ದೇಶದೋರು ಕೂತು ಬರ್ದಿರೋದು. ಯಾರು ಬೇಕಾದ್ರೂ ತಗೋಬೋದು, ಒಳಗೇನಿದೆ ನೋಡ್ಬೋದು, ತಿದ್ಬೋದು, ಪಕ್ಕದ್ಮನೆಗೂ ಕೊಡ್ಬೋದು."

"ಕೆಟ್ಟೋದ್ರೆ ಯಾರನ್ನ ಬೈಯೋದು?"

ಚಿಕ್ಕಮ್ಮ ಗೆದ್ದೋಳ ಥರ ಜೆರಾಕ್ಸ್ ಮೆಷಿನ್ ಒರೆಸಕ್ಕೆ ಹೋದ್ಲು.

ಅಷ್ಟರಲ್ಲಿ ಬಂತು ಯಜಮಾನ್ರ ಮನೆ ಮದುವೆ. ಈ ಯಜಮಾನ್ರು ಅಂದ್ರೆ ಪಕ್ಕದ ಹಳ್ಳಿಯೋರು, ಬುಲೆಟ್ಟಲ್ಲಿ ಓಡಾಡೋರು. ಬೇರೆಯೋರ ಮೀಸೆ ಮೇಲೆ ನಿಂಬೆಹಣ್ಣು ನಿಲ್ತದೆ, ಇವರದ್ರ ಮೇಲೆ ಬೂದುಗುಂಬಳ ಕೂರಿಸಿ ಆಯುಧಪೂಜೆ ಮಾಡ್ಬೋದು. ಆದ್ರೆ ಅವರು ಕೂಗಾಡಲ್ಲ. ಅದೇ ಭಯ. ಮೆಲ್ಲಗೆ "ಏನಪ್ಪಾ?" ಅಂತಾರೆ, ಎದುರಿಗಿರೋನು ಬಂದ ಕೆಲ್ಸ ಮರ್ತು ವಾಪಸ್ ನಡೀತಾನೆ. ಅವರ ಮನೆ ಫಂಕ್ಷನ್ನಿಗೆ ಐಸ್‌ಕ್ರೀಮನ್ನ ಲೇಟಾಗಿ ತಂದೋನು ಈಗ ಚಿಂತಾಮಣೀಲಿ ಸೊಪ್ಪು ಮಾರ್ತಾನಂತೆ.

ಅವರ ಮಗಳನ್ನ ಚನ್ನರಾಯಪಟ್ಟಣದ ಕಡೆಗೆ ಕೊಟ್ರು. ಮದುವೇಲಿ ಎಲ್ರ ಕಣ್ಣೂ ಇದ್ದದ್ದು ಹೆಣ್ಣಿನ ಮೇಲಲ್ಲ, ಯಜಮಾನ್ರ ತಾಯಿ ಮೇಲೆ. ಊರಿಗೆಲ್ಲಾ ಆಕೆ ದೊಡ್ಡವ್ವ. ಫೋಟೋ ತೆಗೆದ್ರೆ ಆಯಸ್ಸು ಕಮ್ಮಿ ಆಗ್ತದೆ ಅಂತ ದೊಡ್ಡವ್ವ ಹುಟ್ಟಿದಾಗಿಂದ ಕ್ಯಾಮೆರಾ ಮುಂದೆ ನಿಂತಿಲ್ಲ. ಆಧಾರ್ ಕಾರ್ಡಿಗೊಂದು ಬಲವಂತಕ್ಕೆ ತೆಗೆಸಿದ್ರು, ಅಷ್ಟೇ. ಯಾರಾದ್ರೂ ಮೊಬೈಲ್ ಎತ್ತಿದ್ರೆ ಚಪ್ಪಲಿ ಎತ್ತೋದು. ಅಂಥಾ ದೊಡ್ಡವ್ವ ಅವತ್ತು ಮೊಮ್ಮಗಳು ಅತ್ತಿದ್ದಕ್ಕೆ ಮಂಟಪ ಹತ್ತಿ, "ಒಂದೇ ಒಂದು ಕಣಮ್ಮಿ. ಎರಡನೇದು ತೆಗೆದ್ರೆ ಡಬ್ಬ ಒಡೀತೀನಿ" ಅಂತು. ಚಿಕ್ಕಮ್ಮ ಒಂದೇ ಒಂದು ತೆಗೆದ್ಲು.

ಬೀಗರೂಟ ಮುಗಿದು ವಾರ ಆಗಿತ್ತೋ ಇಲ್ವೋ, ದೊಡ್ಡವ್ವ ಮಧ್ಯಾಹ್ನ ಮುದ್ದೆ ಉಂಡು ಜಗಲಿ ಮೇಲೆ ಒರಗಿದ್ದು ಹಂಗೇ ಹೋಗ್ಬಿಡ್ತು.

ಊರು ಸುಮ್ನಿರ್ತದಾ? "ಆಯಮ್ಮ ಹೇಳಿತ್ತು ನೋಡು, ಫೋಟೋ ತೆಗೀಬೇಡಿ ಅಂತ" ಅಂದ್ರು. ನಲ್ಲಿ ಹತ್ರ ಚಿಕ್ಕಮ್ಮ ಹೋದ್ರೆ ಮಾತು ನಿಲ್ಸೋರು. ಚಿಕ್ಕಮ್ಮ ನಕ್ಕು ತಳ್ಳಿ ಹಾಕಿದ್ಲು, ಆದ್ರೆ ಅವತ್ತಿಂದ ಕ್ಯಾಮೆರಾನ ಬೀರು ಮೇಲೆ ಬಟ್ಟೆ ಸುತ್ತಿಟ್ಟಿದ್ದನ್ನ ನಾನು ನೋಡಿದೀನಿ.

ಶನಿವಾರ ಬುಲೆಟ್ ಬಂದು ನಮ್ಮ ಸ್ಟುಡಿಯೋ ಮುಂದೆ ನಿಲ್ತು. ಯಜಮಾನ್ರು ಒಳಗೆ ಬಂದು ಕೂತ್ರು. ತಲೆ ಬೋಳಿಸಿದ್ರು, ಮೀಸೆನೂ ಇರ್ಲಿಲ್ಲ. ಮೀಸೆ ಇಲ್ದೆ ಇನ್ನೂ ಭಯ ಆಯ್ತು.

"ಮಂಗಳವಾರ ಅವ್ವನ ಕಾರ್ಯ" ಅಂದ್ರು. "ಸೋಮವಾರ ಫ್ಲೆಕ್ಸಿಗೆ ಕೊಡ್ಬೇಕು. ಕಟ್ಟು ಹಾಕ್ಸಿ ಮನೇಲೂ ಇಡ್ಬೇಕು. ಮದ್ವೇಲಿ ತೆಗೆದ್ರಲ್ಲ, ಅದು ಕೊಡಮ್ಮ."

ಚಿಕ್ಕಮ್ಮ ಮೆತ್ತಗೆ, "ಆಧಾರ್‌ದೂ ಐತಲ್ವಾ ಅಣ್ಣ?" ಅಂದ್ಲು. ಯಾಕೆ ಅಂದ್ಲೋ ದೇವ್ರಿಗೇ ಗೊತ್ತು.

ಯಜಮಾನ್ರು ಜೇಬಿಂದ ಕಾರ್ಡ್ ತೆಗೆದು ಟೇಬಲ್ ಮೇಲಿಟ್ರು. ಆ ಫೋಟೋಲಿ ದೊಡ್ಡವ್ವ ಯಾರನ್ನೋ ಕೊಂದು ಈಗಷ್ಟೇ ಸಿಕ್ಕಿಬಿದ್ದಂಗಿತ್ತು.

"ಇದು ನಮ್ಮವ್ವನಾ? ಇದನ್ನ ಇಟ್ಟು ಎಡೆ ಹಾಕಿದ್ರೆ ಕಾಗೆ ಬತ್ತದಾ, ನೀನೇ ಹೇಳು."

ನಂಗೆ ನಗು ಗಂಟಲಿಗೆ ಬಂತು. ಅವರು ನನ್ ಕಡೆ ನೋಡಿದ್ರು. ನಗು ವಾಪಸ್ ಹೊಟ್ಟೆಗೆ ಹೋಗಿ ಅಲ್ಲೇ ಸತ್ತೋಯ್ತು.

"ನಿಮ್ ಹತ್ರ ಇರೋದೇ ಒಂದು ಕಣಮ್ಮ. ಅದಿಲ್ದಿದ್ರೆ ನಮ್ಮನೇಲಿ ಅವ್ವನ ಮುಖಾನೇ ಇಲ್ಲ. ನಾಳೆ ಸಾಯಂಕಾಲ ಬತ್ತೀನಿ."

ಬುಲೆಟ್ ಸೌಂಡ್ ದೂರ ಹೋದ್ಮೇಲೆ ಚಿಕ್ಕಮ್ಮ ಊದಿನಕಡ್ಡಿ ಹಚ್ಚಿ, ಕೈ ಮುಗಿದು, ಬಟನ್ ಒತ್ತಿದ್ಲು. ನೀಲಿ ಪರದೆ. ಅದರ ಮೇಲೆ ಬಾಯಿ ಇಳಿಬಿಟ್ಟ ಒಂದು ಅಳುಮುಖ. ಆರಿಸಿ ಮತ್ತೆ ಹಾಕಿದ್ಲು. ಅಳುಮುಖ. ಮತ್ತೆ. ಗಣಪತಿ ಪಕ್ಕದಲ್ಲೇ ಅಳುಮುಖ.

ಕ್ಯಾಮೆರಾ ಕಾರ್ಡಲ್ಲಿ ಇರ್ಲಿಲ್ಲ, ಅದನ್ನ ಮುಂದಿನ ಮದುವೆಗೆ ಅಳಿಸಿಯಾಗಿತ್ತು. ನಮ್ಮ ಕಡೆ ಎಲ್ಲಾ ಸ್ಟುಡಿಯೋದಲ್ಲೂ ಹಂಗೇ ಮಾಡ್ತಾರೆ, ಕಂಪ್ಯೂಟರ್‌ಗೆ ಇಳಿಸೋದು, ಕಾರ್ಡ್ ಖಾಲಿ ಮಾಡೋದು, ಮುಂದಿನ ಚೌಲ್ಟ್ರಿಗೆ ಓಡೋದು. ಅಂದ್ರೆ ದೊಡ್ಡವ್ವನ ಮುಖ ಪ್ರಪಂಚದಲ್ಲಿ ಇದ್ದದ್ದು ಆ ಅಳುಮುಖದ ಹಿಂದೆ ಮಾತ್ರ.

ಭಾನುವಾರ ಬೆಳಿಗ್ಗೆ ರಿಪೇರಿಯೋನು ಬಂದ. ಡಬ್ಬಕ್ಕೆ ಕಿವಿ ಇಟ್ಟ. ಒಳಗಿಂದ ಟಿಕ್, ಟಿಕ್ ಅಂತ ಸದ್ದು ಬರ್ತಿತ್ತು.

"ಡಿಸ್ಕ್ ಹೋಗ್ತಾ ಐತೆ ಅಕ್ಕ. ಫಾರ್ಮ್ಯಾಟ್ ಹೊಡೀಬೇಕು."

"ಹೊಡೆದ್ರೆ ಫೋಟೋ?"

"ಫೋಟೋ ಎಲ್ಲಿಂದ ಬತ್ತದೆ? ಎಲ್ಲಾ ಕ್ಲೀನು."

"ಬ್ಯಾಡ, ನೀನು ಹೋಗಪ್ಪಾ."

ಅವನು ಹೋದ. ಚಿಕ್ಕಮ್ಮ ಸ್ಟೂಲ್ ಮೇಲೆ ಕೂತು ಕೈ ತೊಡೆ ಮೇಲಿಟ್ಕೊಂಡು ಡಬ್ಬಾನೇ ನೋಡ್ತಿದ್ಲು. "ಒಂದ್ಸಲ ದೊಡ್ಡವ್ವನ್ನ ನಾನೇ ಕಳಿಸ್ದೆ ಅಂದ್ರು ಜನ. ಈಗ ಎರಡನೇ ಸಲ ಕಳಿಸ್ದೆ ಕಣೇ" ಅಂದ್ಲು. ಅವಳ ದನಿಯಲ್ಲಿ ಒಂಚೂರೂ ತಮಾಷೆ ಇರ್ಲಿಲ್ಲ. ನಾನು ಎಷ್ಟೇ ಕಿತಾಪತಿ ಆದ್ರೂ ಆ ದನಿಗೆ ಎದ್ದು ನಿಂತೆ. ಕತ್ತಿಂದ ಪೆನ್ ಡ್ರೈವ್ ಬಿಚ್ಚಿದೆ.

"ಚಿಕ್ಕಮ್ಮ, ಕೆಟ್ಟಿರೋದು ಅದರ ಸಿಸ್ಟಂ. ಡಿಸ್ಕಲ್ಲಿ ಇನ್ನೂ ಸ್ವಲ್ಪ ಉಸಿರಿದೆ. ನನ್ದರಿಂದ ಎಬ್ಬಿಸಿ, ಫೋಟೋ ಬೇರೆ ಪೆನ್ ಡ್ರೈವಿಗೆ ಎತ್ಕೋಬೋದು. ಒಳಗಿರೋದು ಏನೂ ಮುಟ್ಟಲ್ಲ."

"ಮಾಡಿದೀಯಾ ಮುಂಚೆ?"

"ನೂರು ಸಲ" ಅಂದೆ. ಲ್ಯಾಬಲ್ಲಿ, ಆರೋಗ್ಯವಾಗಿದ್ದ ಕಂಪ್ಯೂಟರ್ ಮೇಲೆ. ಸಾಯ್ತಿರೋದರ ಮೇಲೆ ಒಂದ್ಸಲನೂ ಇಲ್ಲ. ಅದನ್ನ ಹೇಳೋ ಹೊತ್ತು ಅದಲ್ಲ.

ಊಟ ಆದ್ಮೇಲೆ ಕೂತ್ವಿ. ಚುಚ್ಚಿದೆ. ಒತ್ತಿದೆ. ಅಳುಮುಖ ಬರ್ಲಿಲ್ಲ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡಿ, ಆಮೇಲೆ ಕೆರೆ ನೀರಿನ ಬಣ್ಣದ ಒಂದು ಖಾಲಿ ಪರದೆ ಬಂತು. ಚಿಕ್ಕಮ್ಮ ಕಣ್ಣು ಮುಚ್ಕೊಂಡಿದ್ಲು. "ಕಣ್ಣು ಬಿಡು, ಕಚ್ಚಲ್ಲ" ಅಂದೆ. ಡಿಸ್ಕ್ ಕಾಣ್ತು. ಮದುವೆ ಫೋಲ್ಡರ್ ಕಾಣ್ತು. ಒಳಗೆ ಬರೀ ನಂಬರ್ ಹೆಸ್ರಿನ ಫೋಟೋಗಳು, ಯಾವುದ್ರಲ್ಲಿ ದೊಡ್ಡವ್ವ ಇದೆ ಅಂತ ಗೊತ್ತಾಗಂಗಿಲ್ಲ, ಒಂದೊಂದಾಗಿ ತೆಗೆದು ನೋಡಕ್ಕೆ ಡಿಸ್ಕಿಗೆ ತ್ರಾಣ ಇಲ್ಲ. ಇಡೀ ಮದುವೇನೇ ಎತ್ತಕ್ಕೆ ಹಾಕ್ದೆ.

ಪರದೆ ಮೇಲಿನ ಪಟ್ಟಿ ತೆವಳ್ತಾ ಹೋಯ್ತು. ಬಸವನಹುಳು ಅದನ್ನ ನೋಡಿದ್ರೆ ಹಿಂದಿಂದ ಹಾರ್ನ್ ಹೊಡೀತಿತ್ತು. ಟಿಕ್ ಅಂದಾಗೆಲ್ಲಾ ಚಿಕ್ಕಮ್ಮ ನನ್ ರಟ್ಟೆ ಹಿಡಿಯೋಳು, ಅದರ ಗುರುತು ಪರೀಕ್ಷೆ ತಂಕ ಇತ್ತು. ಅರ್ಧ ದಾಟ್ತು. ಮುಕ್ಕಾಲಿನ ಹತ್ರ ಬಂತು.

ಟಪ್.

ಪರದೆ ಕಪ್ಪು. ಫ್ಯಾನ್ ನಿಲ್ತು. ಕರೆಂಟ್ ಹೋಯ್ತಾ ಅಂತ ಬೀದಿ ನೋಡಿದೆ, ಎದುರಿನ ಬೇಕರಿ ಲೈಟ್ ಝಗಝಗ ಉರೀತಿತ್ತು. ತಿರುಗಿದ್ರೆ ನಡುಮನೆ ಗೋಡೆ ಹತ್ರ ನಮ್ಮಜ್ಜಿ, ಅಂದ್ರೆ ಚಿಕ್ಕಮ್ಮನ ಅತ್ತೆ, ಮೇನ್ ಸ್ವಿಚ್ ಮೇಲೆ ಕೈ ಇಟ್ಕೊಂಡು ನಿಂತಿತ್ತು.

"ಅಜ್ಜೀ! ಏನ್ ಮಾಡ್ದೆ!"

"ನಾಕೂವರೆ ಆಯ್ತು. ರಾಹುಕಾಲ. ಸತ್ತೋಳ ಮುಖಾನ ಈ ಹೊತ್ನಲ್ಲಿ ಈಚೆಗೆ ಎಳೀತಾರೇನ್ರೇ? ಬಂದ್ಮೇಲೆ ವಾಪಸ್ ಹೋಗ್ತಾಳಾ ಅವ್ಳು? ನಂಗೊತ್ತು ಅವ್ಳ ಬುದ್ಧಿ. ಕೂತ್ರೆ ಏಳೋಳಲ್ಲ."

"ಹಿಂಗೆ ದಿಢೀರ್ ಅಂತ ಆರಿಸಿದ್ರೆ ಡಿಸ್ಕೇ ಸತ್ತೋಗ್ತದೆ ಅಜ್ಜಿ!"

"ಅದು ಸತ್ರೆ ಇನ್ನೊಂದು ತರ್ಬೋದು. ಆರ್ ಗಂಟೆಗೆ ಹಾಕ್ತೀನಿ." ಅಜ್ಜಿ ಸ್ವಿಚ್ ಕೆಳಗೆ ಮಣೆ ಹಾಕ್ಕೊಂಡು ಕೂತು, ಪೊರಕೆ ಪಕ್ಕಕ್ಕಿಟ್ಕೊಳ್ತು. ಆ ಪೊರಕೆ ಕಸಕ್ಕಲ್ಲ.

ಚಿಕ್ಕಮ್ಮ ಜಗಳ ಆಡ್ಲಿಲ್ಲ. ಅದೇ ನಂಗೆ ಜಾಸ್ತಿ ಹೆದರಿಕೆ ಆಗಿದ್ದು. ಅವಳಿಗೂ ಒಳಗೊಳಗೆ ಅಜ್ಜಿ ಮಾತು ತಾಗಿತ್ತೋ ಏನೋ, ಬೀರು ಮೇಲಿನ ಕ್ಯಾಮೆರಾ ಗಂಟಿನ ಕಡೆ ನೋಡ್ತಾ ಕೂತ್ಲು.

ಆಗ ಬೀದಿ ಕೊನೇಲಿ ಬುಲೆಟ್.

ಯಜಮಾನ್ರು ಬಂದ್ರು. ಕತ್ತಲು ಸ್ಟುಡಿಯೋ ನೋಡಿದ್ರು, ನಮ್ಮನ್ನ ನೋಡಿದ್ರು. ಚಿಕ್ಕಮ್ಮ ಎದ್ದು ನಿಂತು ಇದ್ದದ್ದು ಇದ್ದಂಗೆ ಹೇಳಿದ್ಲು. ಕಂಪ್ಯೂಟರ್ ಕೆಟ್ಟಿದ್ದು, ಫೋಟೋ ಬೇರೆ ಎಲ್ಲೂ ಇಲ್ದಿದ್ದು, ಅರ್ಧದಲ್ಲಿ ಆರಿದ್ದು, ಎಲ್ಲಾ. ನಾನು ಗೋಡೆಗೆ ಅಂಟ್ಕೊಂಡಿದ್ದೆ, ಸುಣ್ಣದ ಜೊತೆ ಸುಣ್ಣ ಆಗಿ.

ನಡುಮನೆಯಿಂದ ಅಜ್ಜಿ ಕೂಗ್ತು, "ರಾಹುಕಾಲ ಕಣಪ್ಪಾ. ಕೂತ್ಕೋ."

ಇಡೀ ಹೋಬಳಿ ಹೆದರೋ ಮನುಷ್ಯ ಕೂತ್ಬಿಟ್ರು! ಎಲ್ಲಿ? ಪಾಸ್‌ಪೋರ್ಟ್ ಫೋಟೋ ತೆಗೆಯೋ ಸ್ಟೂಲ್ ಮೇಲೆ, ನೀಲಿ ಬಟ್ಟೆ ಮುಂದೆ, ನೆಟ್ಟಗೆ, ಕೈ ಮಂಡಿ ಮೇಲಿಟ್ಕೊಂಡು. ಫ್ಯಾನ್ ಇಲ್ಲ. ಬೋಳು ತಲೆಯಿಂದ ಬೆವರು ಇಳೀತಿತ್ತು. ಚಿಕ್ಕಮ್ಮ ಕಾಫಿ ಕೊಟ್ಲು. ಕುಡಿದು ಲೋಟ ಕೆಳಗಿಟ್ಟು ನನ್ ಕಡೆ ತಿರುಗಿದ್ರು.

"ಏನವ್ವ, ಸಿಗ್ತದಾ?"

ನನ್ ಬಾಯಿಗೆ ಆವಾಗಿನವರೆಗೂ ಬಾಗ್ಲೇ ಇರ್ಲಿಲ್ಲ, ಕೇಳಿದ್ದಕ್ಕೆಲ್ಲಾ 'ಬಿಡಿ ಸಾರ್, ಎಡಗೈ ಕೆಲ್ಸ' ಅಂತಿದ್ದೆ. ಅವತ್ತು, "ಗೊತ್ತಿಲ್ಲ" ಅಂದೆ.

ಅವರು ತಲೆ ಆಡಿಸಿದ್ರು. ಯಾರಿಗೂ ಅಲ್ಲ ಅನ್ನೋ ಥರ, "ನಿನ್ನೆಯಿಂದ ಅವ್ವನ ಮೂಗು ಹೆಂಗಿತ್ತು ಅಂತ ನೆಪ್ಪು ಮಾಡ್ಕೊತಾ ಇವ್ನಿ. ಆಯ್ತಾ ಇಲ್ಲ" ಅಂದ್ರು.

ಅಂತೂ ಆರು ಗಂಟೆ ಆಯ್ತು.

ಅಜ್ಜಿ ಗಡಿಯಾರಕ್ಕೆ ಒಂದ್ಸಲ, ದೇವ್ರಿಗೆ ಒಂದ್ಸಲ ಕೈ ಮುಗಿದು ಸ್ವಿಚ್ ಎತ್ತಿತು. ಒತ್ತಿದೆ. ಕೆರೆ ಬಣ್ಣದ ಪರದೆ ಬಂತು. ಡಿಸ್ಕ್ ಕಾಣ್ಲಿಲ್ಲ. ಟಿಕ್ ಅನ್ನೋ ಸದ್ದೂ ಇಲ್ಲ. ಯಜಮಾನ್ರು ಬಂದು ನನ್ ಹಿಂದೆ ನಿಂತಿದ್ರು, ಅವರ ಉಸಿರು ನನ್ ನೆತ್ತಿಗೆ ಬೀಳ್ತಿತ್ತು. ಆರಿಸಿದೆ. ಚಿಕ್ಕಮ್ಮ ಜ್ವರ ಬಂದ ಮಗು ಹಣೆ ಮುಟ್ಟಂಗೆ ಡಬ್ಬದ ಮೇಲೆ ಅಂಗೈ ಇಟ್ಲು. "ಒಂದೇ ಒಂದ್ಸಲ ಕಣಪ್ಪಾ" ಅಂದ್ಲು. ಮತ್ತೆ ಒತ್ತಿದೆ.

ಟಿಕ್. ಟಿಕ್. ಕಾಣ್ತು!

ಮುಂಚೆ ಬಂದಿದ್ದಷ್ಟನ್ನ ಬಿಟ್ಟು ಉಳಿದಿದ್ದನ್ನ ಎತ್ತಕ್ಕೆ ಹಾಕ್ದೆ. ಪಟ್ಟಿ ತೆವಳ್ತು, ನಿಲ್ತು, ತೆವಳ್ತು, ಕೊನೆಗೆ ತುಂಬ್ತು. ಪೆನ್ ಡ್ರೈವಲ್ಲಿದ್ದ ಫೋಟೋ ಒಂದೊಂದೇ ತೆಗೀತಾ ಹೋದೆ. ಅರಿಶಿನ, ಧಾರೆ, ಊಟದ ಪಂಕ್ತಿ, ಮಜ್ಜಿಗೆ ಚೆಲ್ಕೊಂಡ ಬೀಗರು. ಆಮೇಲೆ ದೊಡ್ಡವ್ವ.

ಫೋಟೋ ಅಂತ ನೋಡಿದ್ರೆ ಕೆಟ್ಟದ್ದೇ. ಮದುಮಗಳ ಅರ್ಧ ಮುಖ ಕಟ್ಟಾಗಿದೆ. ದೊಡ್ಡವ್ವ ಎಲೆಅಡಿಕೆ ಬಾಯಿ ಪೂರ್ತಿ ಬಿಟ್ಟು, ಒಂದು ಕೈ ಎತ್ತಿ, ಕ್ಯಾಮೆರಾ ಪಕ್ಕ ನಿಂತಿರೋ ಯಾರಿಗೋ ಏನೋ ಅಂತಾ ಇದೆ. ಮೂಗು ಮಾತ್ರ ಸ್ಪಷ್ಟವಾಗಿತ್ತು. ದೊಡ್ಡ ಮೂಗು, ಎರಡು ಕಡೆ ಮೂಗುತಿ.

ಯಜಮಾನ್ರು ಬಗ್ಗಿ ನೋಡಿದ್ರು.

"ಬೈತಾವ್ಳೆ" ಅಂದ್ರು. "ನಾನು ಪಕ್ಕದಲ್ಲಿ ನಿಂತು ನಗು ಅವ್ವ ಅಂತಿದ್ದೆ. ನನ್ನೇ ಬೈತಾವ್ಳೆ ನೋಡಮ್ಮ." ಟವಲ್ಲಿಂದ ಮುಖ ಒರೆಸ್ಕೊಂಡ್ರು. ಸೆಖೆಗೆ ಅಂತ ನಾವೆಲ್ಲಾ ಅನ್ಕೊಂಡ್ವಿ.

ಚಿಕ್ಕಮ್ಮ ಕೂತ್ಬಿಟ್ಲು. ಅಳಲಿಲ್ಲ, ಬಿಕ್ಕಳಿಕೆ ಬಂತು, ನೀರು ಕುಡಿದ್ಲು.

ಫೋಟೋ ಇದ್ದ ಪೆನ್ ಡ್ರೈವ್ ಬಿಚ್ಚಿ ಯಜಮಾನ್ರ ಕೈಗೆ ಕೊಟ್ಟೆ. ಅವರು ನನ್ ಲಿನಕ್ಸ್ ಪೆನ್ ಡ್ರೈವ್ ತೋರಿಸಿ, "ಈ ಕಡ್ಡೀಲಿ ಏನೈತೆ? ಮಗಂಗೆ ಮುಂದಿನ ವಾರ ಕಂಪ್ಯೂಟರ್ ಕೊಡಿಸ್ಬೇಕು. ಅಂಗಡಿಯೋನು ಏನೇನೋ ಹೆದರಿಸ್ತಾನೆ" ಅಂದ್ರು. ನಾನು ಬಾಯಿ ತೆಗೆಯೋಕೆ ಮುಂಚೆ ಚಿಕ್ಕಮ್ಮ ಶುರು ಮಾಡಿದ್ಲು, ಇಷ್ಟು ದಿನ ನಾನು ಹೇಳಿದ್ದು ಅವಳ ಕಿವಿಗೇ ಹೋಗಿಲ್ಲ ಅಂತ ನಾನು ತಿಳ್ಕೊಂಡಿದ್ದೆ.

"ಹೆಪ್ಪು ಇದ್ದಂಗೆ ಅಣ್ಣ. ಪಕ್ಕದ್ಮನೆಯಿಂದ ಒಂದು ಚಮಚ ಇಸ್ಕೊಂಡ್ ಬರ್ತೀವಿ. ಅದಕ್ಕೆ ಯಾರಾದ್ರೂ ದುಡ್ಡು ಕೇಳ್ತಾರಾ? ಮೊಸರು ಮಾತ್ರ ನಮ್ಮನೇದು. ನಾಳೆ ಇನ್ನೊಬ್ರು ಬಂದ್ರೆ ನಾವೂ ಕೊಡ್ತೀವಿ. ಕೊಟ್ರೆ ನಮ್ದೇನು ಕಮ್ಮಿ ಆಗಲ್ಲ. ಕದ್ದಿದ್ದಲ್ಲ, ಮೂಲೆಗೆ ಸ್ಟಿಕ್ಕರ್ ಅಂಟಿಸೋ ಗತಿನೂ ಇಲ್ಲ."

"ಹಂಗಾದ್ರೆ ಕೊಡು, ಒಯ್ತೀನಿ."

ದೇವ್ರ ದೀಪ ಹಚ್ಚಿ ಈಚೆಗೆ ಬಂದ ಅಜ್ಜಿ, "ಹೆಪ್ಪು ಅಂದ್ಲಲ್ಲ? ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಂಗಿಲ್ಲ. ಬೆಳಿಗ್ಗೆ ಬಾ" ಅಂತು.

ಯಜಮಾನ್ರು ಕೈಯಲ್ಲಿದ್ದ ಫೋಟೋ ಪೆನ್ ಡ್ರೈವ್ ನೋಡ್ಕೊಂಡ್ರು. "ಇದು?"

"ಅದು ನಿಮ್ಮವ್ವ ಕಣೋ. ನಿಂದು ನಿಂಗೆ ಕೊಡಕ್ಕೆ ಹೊತ್ತು ಯಾತಕ್ಕೆ? ತಗೊಂಡ್ ಹೋಗು."

ಮಂಗಳವಾರ ಎಡೆ ಇಟ್ಟ ಕ್ಷಣಕ್ಕೇ ಕಾಗೆ ಬಂತಂತೆ. ಒಂದಲ್ಲ, ಮೂರು ತಾಲ್ಲೂಕಿನ ಕಾಗೆ ಬಂದಿತ್ತು ಅಂತ ನಾನು ಕಾಲೇಜಲ್ಲಿ ಹೇಳಿದೀನಿ, ನೀವೂ ಹಂಗೇ ಹೇಳಿ. ಚಿಕ್ಕಮ್ಮ ಬೀರು ಮೇಲಿಂದ ಕ್ಯಾಮೆರಾ ಇಳಿಸಿದ್ಲು.

ಆ ಡಬ್ಬ ಅದೇ ವಾರ ಪೂರ್ತಿ ಪ್ರಾಣ ಬಿಡ್ತು. ಹೊಸದು ತರಕ್ಕೆ ಹೊಸಕೋಟೆಗೆ ನಾನೂ ಚಿಕ್ಕಮ್ಮನೂ ಹೋದ್ವಿ. ಅಂಗಡಿಯೋನು, "ಲಿನಕ್ಸೆಲ್ಲಾ ಇಂಜಿನಿಯರ್‌ಗಳಿಗೆ ಮೇಡಂ, ನಿಮ್ಮಂಥೋರಿಗೆ ಆಗಲ್ಲ, ಆಮೇಲೆ ತೊಂದ್ರೆ ಆದ್ರೆ ನನ್ನ ಕೇಳ್ಬೇಡಿ" ಅಂದ. ಚಿಕ್ಕಮ್ಮನ ಬೆರಳು ಸೆರಗನ್ನ ಸುತ್ತಿ ಬಿಗಿ ಹಿಡ್ಕೊಂಡಿದ್ದು ನಂಗೆ ಮಾತ್ರ ಕಾಣ್ತಿತ್ತು. ಆದ್ರೂ, "ಇಷ್ಟು ವರ್ಷ ತೊಂದ್ರೆ ಆದಾಗ ಯಾರನ್ನ ಕೇಳಿದೀನಿ? ಖಾಲಿ ಕೊಡಿ, ನಮ್ದು ನಾವು ಹಾಕ್ಕೊತೀವಿ" ಅಂದ್ಲು.

ಅದಕ್ಕೇ ಹೇಳ್ತಿದೀನಿ, ನೀವು ಕಂಪ್ಯೂಟರ್ ತಗೊಳಕ್ಕೆ ಹೋದಾಗ ಅಂಗಡಿಯೋರು ಮೊದ್ಲು ಮಾರೋದು ಭಯಾನ. ಅದನ್ನ ತಗೋಬೇಡಿ. ಲಿನಕ್ಸನ್ನ ಪೆನ್ ಡ್ರೈವಿಂದ ಓಡಿಸಿ ನೋಡಿ, ಹಿಡಿಸಿದ್ರೆ ಆಮೇಲೆ ಒಳಗೆ ಹಾಕ್ಕೊಳ್ಳಿ. ಹಾಕೋಕೆ ಮುಂಚೆ ನಿಮ್ಮ ಫೋಟೋಗಳನ್ನ ಬೇರೆ ಕಡೆ ಇಟ್ಕೊಳ್ಳಿ, ಯಾರ ಮೂಗು ಯಾವಾಗ ಬೇಕಾಗ್ತದೋ ಗೊತ್ತಿಲ್ಲ. ಸುಳ್ಳು ಹೇಳಲ್ಲ, ನಮ್ಮ ಹಳೇ ಪ್ರಿಂಟರ್ ಹೊಸ ಸಿಸ್ಟಂ ಜೊತೆ ಬೀಗರ ಥರ ಮುನಿಸ್ಕೊಂಡು ಕೂತಿತ್ತು, ಸಮಾಧಾನ ಮಾಡೋಷ್ಟರಲ್ಲಿ ನನ್ ಮಿಡ್‌ಟರ್ಮ್ ಮುಳುಗ್ತು. ಆದ್ರೆ ಚಿಕ್ಕಮ್ಮ ಈಗ ಕಣ್ಣು ಬಿಟ್ಕೊಂಡೇ ಬಟನ್ ಒತ್ತೋದು. ಊದಿನಕಡ್ಡಿ ಮಾತ್ರ ಬಿಟ್ಟಿಲ್ಲ.

ಯಜಮಾನ್ರ ಮನೆ ಕಂಪ್ಯೂಟರ್‌ಗೂ ನಾನೇ ಹಾಕ್ಕೊಟ್ಟೆ. ಅವರು ಹಿಂದೆ ನಿಂತಿದ್ರು, ಮೀಸೆ ಆಗತಾನೇ ಚಿಗುರ್ತಿತ್ತು. ಮುಗಿದ ತಕ್ಷಣ ಪರದೆ ಮೇಲೆ ದೊಡ್ಡವ್ವನ ಫೋಟೋ ಹಾಕು ಅಂದ್ರು. ಹಾಕ್ದೆ. ಇಡೀ ಪರದೆ ತುಂಬಾ ದೊಡ್ಡವ್ವ, ಬಾಯಿ ಬಿಟ್ಟು, ಕೈ ಎತ್ತಿ, ನನ್ ಕಡೆನೇ.

ಆಗಿಂದ ಸುತ್ತಮುತ್ತ ಹಳ್ಳಿಯೋರು ಒಬ್ಬೊಬ್ರಾಗಿ ಬಂದು ಹೆಪ್ಪು ಕೊಡಮ್ಮ ಅಂತ ಕೇಳ್ತಾರೆ, ದೀಪ ಹಚ್ಚೋಕೆ ಮುಂಚೆ. ಕೆಟ್ಟೋದ್ರೆ ಯಾರನ್ನ ಬೈಯೋದು ಅಂತ ಚಿಕ್ಕಮ್ಮ ಅವತ್ತು ಕೇಳಿದ್ಲಲ್ಲ, ಅದಕ್ಕೆ ಉತ್ರ ಈಗ ಇಡೀ ಹೋಬಳಿಗೆ ಗೊತ್ತಾಗಿದೆ. ಅದಕ್ಕೇ ನಾನೀಗ ಮಂಚದ ಕೆಳಗಿರೋದು. ಬುಲೆಟ್ ಬೀದಿ ತಿರುಗಿ, ಸ್ಪೀಡ್ ಕಮ್ಮಿ ಮಾಡಿ, ನಮ್ಮ ಬಾಗ್ಲಲ್ಲೇ ನಿಲ್ತು.

"ಏನಮ್ಮ, ನಿಮ್ ಹುಡುಗಿ ಇದ್ದಾಳಾ? ಸೌಂಡ್ ಬರ್ತಾ ಇಲ್ಲ ಕಂಪ್ಯೂಟರ್‌ದು."

ನಾನು ಇನ್ನೂ ಒಳಗೆ ಸರಿದೆ. ಮಂಚದ ಅಂಚಲ್ಲಿ ನಮ್ಮಜ್ಜಿ ಪಾದ ಬಂದು ನಿಲ್ತು, ಪೊರಕೆ ತುದಿ ಒಳಗೆ ಬಂತು.

"ಲೇ, ಬಾರೇ ಈಚೆಗೆ. ರಾಹುಕಾಲ ಮುಗೀತು."